ತಿಂದು ಉಳಿಸಿದ ಬೀಜ

ಸೂಪರ್ ಮಾರ್ಕೆಟ್ಟಿನಿಂದ ತಂದ ಕುಂಬಳ ಬೀಜದ ಪ್ಯಾಕೆಟ್ ಬಿಚ್ಚಿ ನೋಡಿ. ಒಳಗಿರೋದು ಕಡು ಹಸಿರು ಬಣ್ಣದ, ಚಪ್ಪಟೆಯಾದ, ಸಿಪ್ಪೆಯೇ ಇಲ್ಲದ ಬೀಜ. ಈಗ ಸಾಂಬಾರಿಗೆ ಅಂತ ತಂದಿಟ್ಟ ಸಿಹಿಗುಂಬಳವನ್ನು ಹೆಚ್ಚಿ ನೋಡಿ. ಅದರ ಹೊಟ್ಟೆಯಲ್ಲಿ ನಾರಿಗೆ ಅಂಟಿಕೊಂಡು ಕೂತಿರೋದು ಕೆನೆ ಬಣ್ಣದ, ಗಟ್ಟಿ ಸಿಪ್ಪೆಯ ಬೀಜ. ಎರಡಕ್ಕೂ ಹೆಸರು ಒಂದೇ. ಮೊದಲನೆಯದನ್ನು ದುಡ್ಡು ಕೊಟ್ಟು ತಂದು ಗಾಜಿನ ಡಬ್ಬಿಯಲ್ಲಿ ತುಂಬಿಡುತ್ತೇವೆ. ಎರಡನೆಯದನ್ನು ನಾರಿನ ಸಮೇತ ಹಸಿ ಕಸದ ಬುಟ್ಟಿಗೆ ಹಾಕುತ್ತೇವೆ.

ಇದನ್ನು ದುಂದುವೆಚ್ಚದ ಕಥೆ ಅಂತ ಹೇಳಿ ಮುಗಿಸಬಹುದು. ಆದರೆ ಇದರ ಹಿಂದೆ 10,000 ವರ್ಷಗಳ ಇತಿಹಾಸ ಇದೆ, ಮತ್ತು ಆ ಇತಿಹಾಸ ನಾವು ಅಂದುಕೊಂಡಿರೋದಕ್ಕೆ ಪೂರ್ತಿ ಉಲ್ಟಾ. ನಮಗೆ ಕುಂಬಳ ಅಂದ್ರೆ ತಿರುಳು. ಬೀಜ ಅಂದ್ರೆ ಹೆಚ್ಚುವಾಗ ಸಿಗೋ ಕಿರಿಕಿರಿ. ಮನುಷ್ಯ ಕುಂಬಳ ಬೆಳೆಯಲು ಶುರು ಮಾಡಿದ್ದು ಮಾತ್ರ ಬೀಜಕ್ಕೋಸ್ಕರ. ತಿರುಳು ಆಮೇಲೆ ಸಿಕ್ಕ ಲಾಭ.

ಮೆಕ್ಸಿಕೋದ ದಕ್ಷಿಣಕ್ಕೆ ವಹಾಕ ಅಂತ ಒಂದು ಕಣಿವೆ ಇದೆ. ಅಲ್ಲಿ ಗಿಲಾ ನಾಕಿಟ್ಸ್ ಅನ್ನೋ ಸಣ್ಣ ಗುಹೆ. ಗುಹೆ ಅನ್ನೋದಕ್ಕಿಂತ ಬಂಡೆಯ ಕೆಳಗಿನ ಮರೆ ಅನ್ನಬಹುದು. 1966ರಲ್ಲಿ ಕೆಂಟ್ ಫ್ಲಾನರಿ ಅನ್ನುವ ಪುರಾತತ್ವಜ್ಞ ಅದನ್ನು ಅಗೆದಾಗ ಒಣಹವೆಯಲ್ಲಿ ಕೆಡದೆ ಉಳಿದಿದ್ದ ಕುಂಬಳ ಜಾತಿಯ ಬೀಜ, ತೊಟ್ಟು, ಸಿಪ್ಪೆಯ ಚೂರುಗಳು ಸಿಕ್ಕವು. ಆದರೆ ಅವು ಎಷ್ಟು ಹಳೆಯವು ಅನ್ನೋದರ ಬಗ್ಗೆ ಬಹಳ ಕಾಲ ತಕರಾರಿತ್ತು. ಆಗೆಲ್ಲ ಅದೇ ಪದರದಲ್ಲಿ ಸಿಕ್ಕ ಇದ್ದಿಲಿನ ವಯಸ್ಸು ನೋಡಿ ಬೀಜದ ವಯಸ್ಸು ಹೇಳುತ್ತಿದ್ದರು. ಮೇಲಿನ ಪದರದ ಬೀಜವೊಂದು ಇಲಿಬಿಲದ ಮೂಲಕ ಕೆಳಗಿಳಿದಿದ್ದರೆ? ಲೆಕ್ಕವೆಲ್ಲ ತಲೆಕೆಳಗು. ಆಮೇಲೆ ಬಂದ ಹೊಸ ವಿಧಾನದಲ್ಲಿ ಬೀಜದ ಚಿಕ್ಕ ಚೂರನ್ನೇ ನೇರವಾಗಿ ಪರೀಕ್ಷೆ ಮಾಡಬಹುದಾಯಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಬ್ರೂಸ್ ಸ್ಮಿತ್ ಅದೇ ಬೀಜಗಳನ್ನು ಮತ್ತೆ ಕೈಗೆತ್ತಿಕೊಂಡು 1997ರಲ್ಲಿ ಉತ್ತರ ಕೊಟ್ಟರು: ಅತಿ ಹಳೆಯವು ಸುಮಾರು 10,000 ವರ್ಷದಷ್ಟು ಹಿಂದಿನವು. ಅದೇ ಗುಹೆಯಲ್ಲಿ ಸಿಕ್ಕ ಮೆಕ್ಕೆಜೋಳದ ತೆನೆಗೆ ಸುಮಾರು 6,250 ವರ್ಷ. ಅಂದ್ರೆ ಇಡೀ ಅಮೆರಿಕ ಖಂಡದ ಅನ್ನ ಅಂತ ಕರೆಸಿಕೊಳ್ಳುವ ಜೋಳ ಆ ಗುಹೆಗೆ ಬರುವ ಹೊತ್ತಿಗೆ ಕುಂಬಳ ಸುಮಾರು ನಾಲ್ಕು ಸಾವಿರ ವರ್ಷ ಸೀನಿಯರ್.

ಅವು ಕಾಡಲ್ಲಿ ಆರಿಸಿದ ಬೀಜ ಅಲ್ಲ, ಬೆಳೆದದ್ದು ಅಂತ ಹೇಗೆ ಗೊತ್ತಾಯ್ತು? ಗಾತ್ರದಿಂದ. ಕಾಡು ಬಳ್ಳಿಯ ಬೀಜಕ್ಕಿಂತ ಅವು ದೊಡ್ಡವು. ಮೇಲಿನ ಪದರಗಳಿಗೆ ಬರುತ್ತಾ ಹೋದಂತೆ ತೊಟ್ಟು ದಪ್ಪವಾಗುತ್ತದೆ, ಸಿಪ್ಪೆಗೆ ಕಿತ್ತಳೆ ಬಣ್ಣ ಬರುತ್ತದೆ. ಮೊದಲು ಬದಲಾದದ್ದು ಬೀಜ. ಜನ ಯಾವುದನ್ನು ಬಯಸುತ್ತಿದ್ದರೋ ಅದೇ ಮೊದಲು ಬದಲಾಗೋದು.

ತಿರುಳನ್ನು ಯಾಕೆ ಬಯಸಲಿಲ್ಲ? ಯಾಕಂದ್ರೆ ಅದನ್ನು ಬಾಯಿಗೆ ಇಡೋದಕ್ಕೇ ಆಗುತ್ತಿರಲಿಲ್ಲ. ಸೌತೆಕಾಯಿಯ ತುದಿ ಕೊಯ್ದು, ನೊರೆ ಬರುವ ತನಕ ಉಜ್ಜಿ ಕಹಿ ತೆಗೀತಾರಲ್ಲ, ಆ ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನುವ ರಾಸಾಯನಿಕ. ಕಾಡು ಕುಂಬಳದ ತಿರುಳಲ್ಲಿ ಅದು ಧಾರಾಳ. ಕಾಯಿಯೂ ನಮ್ಮ ಕುಂಬಳದಷ್ಟು ದೊಡ್ಡದಲ್ಲ, ಹೆಚ್ಚುಕಡಿಮೆ ಟೆನಿಸ್ ಚೆಂಡಿನಷ್ಟು. ಆನೆಯ ದೂರದ ಬಂಧುವಾದ ಮಾಸ್ಟೊಡಾನ್‌ನಂಥ ದೈತ್ಯ ಪ್ರಾಣಿಗಳು ಮಾತ್ರ ಅದನ್ನು ನುಂಗುತ್ತಿದ್ದವು. ಫ್ಲಾರಿಡಾದಲ್ಲಿ ಸಿಕ್ಕ 12,000 ವರ್ಷಕ್ಕೂ ಹಳೆಯ ಮಾಸ್ಟೊಡಾನ್ ಲದ್ದಿಯೊಳಗೆ ಈ ಜಾತಿಯ ಬೀಜಗಳು ಇದ್ದವು. ನುಂಗಿ, ಹತ್ತಾರು ಮೈಲಿ ನಡೆದು, ಗೊಬ್ಬರದ ಸಮೇತ ಬಿತ್ತುವ ಕೆಲಸ ಅವುಗಳದ್ದು.

ಹಿಮಯುಗ ಮುಗಿಯುತ್ತಿದ್ದಂತೆ ಆ ಪ್ರಾಣಿಗಳು ಅಳಿದವು. ಇಲಿ ಹೆಗ್ಗಣಗಳಂಥ ಸಣ್ಣ ಪ್ರಾಣಿಗಳಿಗೆ ಕಹಿ ತಡೆಯುವ ಶಕ್ತಿ ಇಲ್ಲ. ಕಹಿಯನ್ನು ಗುರುತಿಸುವ ಜೀನ್‌ಗಳು ಅವುಗಳಲ್ಲಿ ದೊಡ್ಡ ಪ್ರಾಣಿಗಳಿಗಿಂತ ಹೆಚ್ಚು. ಬಿತ್ತುವವರು ಇಲ್ಲದೆ ಕಾಡು ಕುಂಬಳದ ಹಲವು ಬಳ್ಳಿಗಳು ಕ್ಷೀಣಿಸಿದವು. 2015ರಲ್ಲಿ ಹಳೆಯ ಬೀಜಗಳ ಡಿಎನ್‌ಎ ಓದಿದ ಸಂಶೋಧಕರು ಹೇಳಿದ್ದು ಇದನ್ನೇ: ಮಾಸ್ಟೊಡಾನ್ ಬಿಟ್ಟು ಹೋದ ಕೆಲಸವನ್ನು ಮನುಷ್ಯ ಹಿಡಿದ, ಅದಕ್ಕೇ ಈ ಗಿಡ ಉಳಿಯಿತು.

ಮನುಷ್ಯನಿಗೆ ಒಂದು ಉಪಾಯ ಗೊತ್ತಿತ್ತು. ತಿರುಳು ಎಷ್ಟೇ ಕಹಿಯಿದ್ದರೂ ಬೀಜವನ್ನು ಬಿಡಿಸಿ, ಚೆನ್ನಾಗಿ ತೊಳೆದು, ಕೆಂಡದ ಮೇಲೆ ಹುರಿದರೆ ಅದು ತಿನ್ನುವಂಥದ್ದೇ. ಬರೀ ತಿನ್ನುವಂಥದ್ದಲ್ಲ, ಎಣ್ಣೆ ಮತ್ತು ಪ್ರೋಟೀನ್ ತುಂಬಿದ, ಒಣಗಿಸಿ ತಿಂಗಳುಗಟ್ಟಲೆ ಇಡಬಹುದಾದ ಆಹಾರ. ಒಣ ಬುರುಡೆ ಪಾತ್ರೆಯಾಗಿ ಕೆಲಸಕ್ಕೆ ಬರುತ್ತಿತ್ತು. ಉತ್ತರ ಅಮೆರಿಕದ ಪೂರ್ವ ಭಾಗದ ಜನ ಸುಮಾರು 5,000 ವರ್ಷಗಳ ಹಿಂದೆ ಮತ್ತೊಮ್ಮೆ, ತಮ್ಮ ಪಾಡಿಗೆ ತಾವೇ, ಅಲ್ಲಿನ ಕಾಡು ಬಳ್ಳಿಯನ್ನು ಪಳಗಿಸಿದರು. ಮಿಸೌರಿಯ ಫಿಲಿಪ್ಸ್ ಸ್ಪ್ರಿಂಗ್ ಅನ್ನೋ ಜಾಗದಲ್ಲಿ ಆ ಬೀಜಗಳು ಸಿಕ್ಕಿವೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೀಜವೇ ಊಟ, ಬೀಜವೇ ಬಿತ್ತನೆ. ತಿರುಳು ತಿನ್ನುವ ಬೆಳೆಯಲ್ಲಿ ಈ ಕಷ್ಟ ಇಲ್ಲ. ಮಾವು ತಿಂದು ಗೊರಟೆ ನೆಡಬಹುದು. ಬೀಜವನ್ನೇ ತಿನ್ನುವವರು ಪ್ರತಿ ಸುಗ್ಗಿಯಲ್ಲೂ ಒಂದು ತೀರ್ಮಾನ ಮಾಡಬೇಕು: ಎಷ್ಟು ತಿನ್ನೋದು, ಎಷ್ಟು ಇಟ್ಟುಕೊಳ್ಳೋದು, ಯಾವುದನ್ನು ಇಟ್ಟುಕೊಳ್ಳೋದು. ಹಸಿವಿದ್ದಾಗ ದಪ್ಪ ಬೀಜವನ್ನೇ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸೋದು ಸಹಜ. ಆ ದಪ್ಪ ಬೀಜವನ್ನು ತಿನ್ನದೆ ಪಕ್ಕಕ್ಕೆ ಎತ್ತಿಟ್ಟ ಕೈಗಳಿಂದಲೇ ಬೀಜ ದೊಡ್ಡದಾಯಿತು. ಬೀಜ ದೊಡ್ಡದಾದಂತೆ ಕಾಯಿ ದೊಡ್ಡದಾಯಿತು, ಕಹಿ ಕಡಿಮೆ ಇದ್ದ ಬಳ್ಳಿಗಳು ಉಳಿದುಕೊಂಡವು, ಕೊನೆಗೆ ನಾವಿವತ್ತು ಪಲ್ಯ ಮಾಡುವ ತಿರುಳು ಬಂತು.

ಮೆಕ್ಸಿಕೋ ಇವತ್ತಿಗೂ ಆ ಬೀಜವನ್ನು ಬಿಟ್ಟಿಲ್ಲ. 16ನೇ ಶತಮಾನದಲ್ಲಿ ಸಹಗೂನ್ ಅನ್ನುವ ಸ್ಪೇನಿನ ಪಾದ್ರಿ ಅಲ್ಲಿನ ನಾವಾ ಜನರ ನೆರವಿನಿಂದ ಅವರ ಬದುಕನ್ನೆಲ್ಲ ಹನ್ನೆರಡು ಪುಸ್ತಕಗಳಲ್ಲಿ ದಾಖಲಿಸಿದ. ಅದರಲ್ಲಿ ಅಲ್ಲಿನ ದೊರೆಗಳ ಊಟದ ಪಟ್ಟಿಯೂ ಇದೆ: ಮೆಣಸಿನಕಾಯಿ, ಟೊಮೆಟೊ, ಅರೆದ ಕುಂಬಳ ಬೀಜ ಹಾಕಿ ಬೇಯಿಸಿದ ಟರ್ಕಿ ಕೋಳಿ. ಆ ಸಾರಿನ ವಂಶಸ್ಥನನ್ನು ಇವತ್ತು ಪಿಪಿಯಾನ್ ಅಂತಾರೆ. ಯುಕಟಾನ್‌ನ ಮಾಯಾ ಜನ ಹುರಿದ ಬೀಜವನ್ನು ಸುಟ್ಟ ಟೊಮೆಟೊ ಜೊತೆ ಅರೆದು ಸಿಕಿಲ್ ಪಾಕ್ ಮಾಡುತ್ತಾರೆ. ರುಬ್ಬುಗುಂಡು ಇರುವ ಯಾವ ಕನ್ನಡದ ಮನೆಯವರು ನೋಡಿದರೂ ಇದು ಚಟ್ನಿ ಅಂತಲೇ ಹೇಳೋದು. ಬೆಲ್ಲದಂಥ ಪಾಕದಲ್ಲಿ ಬೀಜ ಹಾಕಿ ಹಲ್ಲೆ ಮಾಡಿದರೆ ಅದು ನಮ್ಮ ಚಿಕ್ಕಿ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಬೀಜಕ್ಕೆ ಪೆಪಿತಾ ಅಂತ ಹೆಸರು. ಹೊಳೆಮರಳಲ್ಲಿ ಸಿಗುವ ಚಿನ್ನದ ತುಣುಕಿಗೂ ಅದೇ ಪದ. ಸ್ಪೇನಿನವರು ಹಡಗು ಹತ್ತಿ ಬಂದದ್ದು ಎರಡನೆಯ ಪೆಪಿತಾ ಹುಡುಕಿಕೊಂಡು.

ಹೋಗುವಾಗ ಮೊದಲನೆಯದನ್ನೂ ತಗೊಂಡು ಹೋದರು. 1503ರಿಂದ 1508ರ ನಡುವೆ ಫ್ರಾನ್ಸಿನ ರಾಣಿ ಆನ್‌ಗಾಗಿ ತಯಾರಾದ ಪ್ರಾರ್ಥನಾ ಪುಸ್ತಕದಲ್ಲಿ ಈ ಬಳ್ಳಿಯ ಚಿತ್ರ ಇದೆ. ಯುರೋಪಿನಲ್ಲಿ ಇದರ ಮೊದಲ ಚಿತ್ರ ಅದೇ ಅಂತ ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಕೊಲಂಬಸ್ ಅಟ್ಲಾಂಟಿಕ್ ದಾಟಿ ಇನ್ನೂ ಹದಿನಾರು ವರ್ಷವೂ ಪೂರ್ತಿಯಾಗಿರಲಿಲ್ಲ. ತಮಾಷೆ ಅಂದ್ರೆ ಚಿತ್ರದ ಜೊತೆ ಬರೆದ ಹೆಸರು 'ಟರ್ಕಿಯ ಸೋರೆ'. ಎಲ್ಲಿಂದಲೋ ಬಂದದ್ದಕ್ಕೆ ಗೊತ್ತಿರುವ ದೂರದ ಊರಿನ ಹೆಸರಿಡೋದು ಎಲ್ಲ ಕಡೆ ಇರುವ ಚಾಳಿ. ಭಾರತಕ್ಕೆ ಪೋರ್ಚುಗೀಸರ ಕಾಲದಲ್ಲಿ ಬಂದಾಗ ತಮಿಳರು ಇದನ್ನು ಪರಂಗಿಕ್ಕಾಯ್ ಅಂದರು, ಪರಂಗಿಯವರ ಕಾಯಿ. ನಾವು ಪರಂಗಿ ಅನ್ನೋ ಪಟ್ಟವನ್ನು ಪಪ್ಪಾಯಿಗೆ ಕೊಟ್ಟಿದ್ದೆವು, ಅದೂ ಅಮೆರಿಕದ್ದೇ. ನಮ್ಮ ಮಲೆನಾಡಿನ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಅಂತ ಹೆಸರು.

ಹಾಗಾದ್ರೆ ಅದಕ್ಕೂ ಮೊದಲು ಕನ್ನಡದ ಕುಂಬಳ ಯಾವುದು? ಬೂದುಗುಂಬಳ. ಅದು ಏಷ್ಯಾದ್ದೇ ಬೆಳೆ, ಬೇರೆ ಕುಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆಯನ್ನೇ ನೋಡಿ. ಸಿಹಿಗುಂಬಳ ಹೊತ್ತರೆ ಹೆಗಲ ಮೇಲೆ ಏನೂ ಉಳಿಯಲ್ಲ. ಬೂದಿ ಮೆತ್ತೋದು ಬೂದುಗುಂಬಳದಿಂದ ಮಾತ್ರ. ಆಯುಧಪೂಜೆ ದಿನ ಕುಂಕುಮ ತುಂಬಿ ಆಫೀಸಿನ ಗೇಟಿನ ಮುಂದೆ ಒಡೆಯೋದೂ ಅದನ್ನೇ. ಹೊಸಬ ಬಂದ ಮೇಲೆ ಹಳಬನ ಹೆಸರಿಗೆ 'ಬೂದು', ಹೊಸಬನಿಗೆ 'ಸಿಹಿ' ಅಂತ ವಿಶೇಷಣ ಸೇರಿಕೊಂಡಿತು. ಹೊಸಬನ ತಿರುಳು ನಮ್ಮ ಹುಳಿ, ಪಲ್ಯ, ಕಡುಬು, ದೋಸೆಗಳೊಳಗೆ ಎಷ್ಟು ಸಲೀಸಾಗಿ ಸೇರಿತು ಅಂದ್ರೆ ಅದು ಹೊರಗಿನದು ಅಂತ ಯಾರಿಗೂ ಅನ್ನಿಸೋದಿಲ್ಲ.

ಆದರೆ ಬೀಜ ತಿನ್ನುವ ರೂಢಿ ಅಷ್ಟಾಗಿ ಜೊತೆಗೆ ಬರಲಿಲ್ಲ. ಉತ್ತರ ಭಾರತದಲ್ಲಿ ಮಗಜ್ ಅಂತ ಕರಬೂಜ, ಕಲ್ಲಂಗಡಿ ಬೀಜಗಳ ಜೊತೆ ಇದನ್ನೂ ಸೇರಿಸಿ ಗ್ರೇವಿಗೆ, ಠಂಡಾಯಿಗೆ ಅರೆಯುತ್ತಾರೆ. ನಮ್ಮಲ್ಲಿ ಎಳ್ಳು, ಹುಚ್ಚೆಳ್ಳು, ಅಗಸೆ ಆಗಲೇ ಇದ್ದವು. ಉತ್ತರ ಕರ್ನಾಟಕದ ಊಟದಲ್ಲಿ ಗುರೆಳ್ಳು ಹಿಂಡಿ ಇಲ್ಲದ ತಟ್ಟೆ ಇದೆಯಾ? ಹೊಸ ಎಣ್ಣೆಬೀಜದ ಜರೂರೇ ಇರಲಿಲ್ಲ. ಹುಡುಗರು ಒಲೆಯ ಕೆಂಡದಲ್ಲಿ ನಾಲ್ಕು ಬೀಜ ಹುರಿದು ತಿಂದರೆ ಉಂಟು, ಅಷ್ಟೇ.

ನಮ್ಮಲ್ಲಿ ಉಳಿದದ್ದು ಇನ್ನೊಂದು ಅರ್ಧ: ಎತ್ತಿಡುವ ರೂಢಿ. ಹಳ್ಳಿಯಲ್ಲಿ ಬೆಳೆದವರು ನೋಡಿರ್ತೀರಿ. ಚೆನ್ನಾಗಿ ಬಲಿತ ಕಾಯಿ ಒಡೆದ ದಿನ ಅಜ್ಜಿಯಂದಿರು ದಪ್ಪನೆಯ ಬೀಜ ಆರಿಸಿ, ಬೂದಿಯಲ್ಲಿ ಹೊರಳಿಸಿ, ಸಗಣಿಯ ಜೊತೆ ಅಡುಗೆಮನೆಯ ಗೋಡೆಗೆ ಪಟ್ ಅಂತ ಬಡಿದು ಅಂಟಿಸಿಬಿಡೋರು. ಸೌತೆ, ಹೀರೆ, ಕುಂಬಳ, ಒಂದೊಂದಕ್ಕೆ ಒಂದೊಂದು ಬೆರಣಿ. ಹೊಗೆ ತಾಗುವ ಜಾಗ, ಹುಳ ಬರಲ್ಲ, ಇಲಿಗೂ ಬೇಡ. ಮುಂಗಾರಿನ ಹೊತ್ತಿಗೆ ಕಿತ್ತು ಗೊಬ್ಬರದ ಗುಂಡಿಯ ಬದಿಗೆ ಊರಿದರೆ ದಸರೆ–ದೀಪಾವಳಿಗೆ ಕಾಯಿ. ನಾವು ಇವತ್ತು ಬ್ಯಾಕಪ್ ಅಂತೀವಲ್ಲ, ಆ ಮನೆಗಳಲ್ಲಿ ಅದು ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವ ಹಾಗಿತ್ತು. ಯಾರ ಮನೆಯ ಬಳ್ಳಿ ಸತ್ತರೂ ಪಕ್ಕದ ಮನೆಯ ಗೋಡೆಯಿಂದ ಎರಡು ಬೀಜ ಸಿಗುತ್ತಿತ್ತು.

ಬೇರೆ ಕಡೆ ಬೀಜ ತಿನ್ನುವುದು ಜೋರಾಗಿಯೇ ಬೆಳೆಯಿತು. ಗ್ರೀಸಿನಲ್ಲಿ ಹುರಿದ ಕುಂಬಳ ಬೀಜದ ಹೆಸರೇ ಪಾಸಾಟೆಂಪೊ, ಅಂದ್ರೆ ಟೈಂಪಾಸ್. ನಮ್ಮ ರೈಲುಗಳಲ್ಲಿ ಕಡ್ಲೆಕಾಯಿ ಮಾರುವವನ ಕೂಗು ನೆನಪಾಗುತ್ತಲ್ವಾ? ಟರ್ಕಿಯಲ್ಲಿ ನೆವ್‌ಶೆಹಿರ್ ಸೀಮೆಯ ಬೀಜಕ್ಕೆ ದೊಡ್ಡ ಹೆಸರು. ಆರೋಗ್ಯದ ಕಾರಣವೂ ಇತ್ತು, ಆದರೆ ಇವತ್ತಿನದಲ್ಲ: ಹೊಟ್ಟೆಯ ಜಂತುಹುಳಕ್ಕೆ ಮದ್ದು ಅಂತ ಅಮೆರಿಕದ ಅಧಿಕೃತ ಔಷಧ ಕೋಶದಲ್ಲಿ 1936ರವರೆಗೂ ಕುಂಬಳ ಬೀಜ ಇತ್ತು. ಚೀನಾದಲ್ಲಿ ಲಾಡಿಹುಳಕ್ಕೆ ಕುಂಬಳ ಬೀಜದ ಜೊತೆ ಅಡಿಕೆಯ ಕಷಾಯ ಕೊಡುತ್ತಾರೆ. ನಮ್ಮ ಅಡಿಕೆಯೇ!

ಈಗ ಆ ಸಿಪ್ಪೆಯ ಪ್ರಶ್ನೆಗೆ ಬರೋಣ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದವರು 17ನೇ ಶತಮಾನದ ಕೊನೆಯ ಹೊತ್ತಿಗೇ ಕುಂಬಳ ಬೀಜದ ಎಣ್ಣೆ ತೆಗೆಯುತ್ತಿದ್ದರು. ಸಿಪ್ಪೆ ಬಿಡಿಸುವುದು ಕೈಯಲ್ಲಿ ಮಾಡುವ ದೊಡ್ಡ ಗೋಳಿನ ಕೆಲಸ. ಸುಮಾರು ನೂರು–ನೂರೈವತ್ತು ವರ್ಷಗಳ ಹಿಂದೆ ಅಲ್ಲಿನ ಹೊಲಗಳಲ್ಲಿ ಒಂದು ರೂಪಾಂತರ ಕಾಣಿಸಿತು: ಬೀಜದ ಗಟ್ಟಿ ಸಿಪ್ಪೆ ಬೆಳೆಯಲೇ ಇಲ್ಲ, ತೆಳು ಪೊರೆಯೊಳಗೆ ಹಸಿರು ಬೀಜ ಕಾಣುತ್ತಿತ್ತು. ಬೇರೆ ಯಾವ ಬೆಳೆಯಲ್ಲಾದರೂ ಇದನ್ನು ಬಗ್ ಅಂತ ಕಿತ್ತು ಬಿಸಾಡುತ್ತಿದ್ದರೇನೋ. ಅಲ್ಲಿನ ರೈತರು ಅದೇ ಬೀಜವನ್ನು ಎತ್ತಿಟ್ಟರು, ಮತ್ತೆ ಬಿತ್ತಿದರು. ಇವತ್ತು ಸ್ಟೈರಿಯಾದ ಎಣ್ಣೆಗೆ ನಮ್ಮ ಮೈಸೂರು ಮಲ್ಲಿಗೆಗೆ ಇರುವಂಥದ್ದೇ ಭೌಗೋಳಿಕ ಮಾನ್ಯತೆ ಇದೆ, 1996ರಿಂದ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಬೀಜ, ಅಂದ್ರೆ ಮೂವತ್ತು ಚಿಲ್ಲರೆ ಕಾಯಿ ಬೇಕು. ಕೊಯ್ಲಿನ ಯಂತ್ರ ಬೀಜವನ್ನು ಮಾತ್ರ ಎತ್ತಿಕೊಂಡು ತಿರುಳನ್ನು ಹೊಲದಲ್ಲೇ ಬಿಟ್ಟು ಹೋಗುತ್ತದೆ.

ಪ್ಯಾಕೆಟ್ಟಿನ ಹಸಿರು ಬೀಜ ಒಂದೋ ಹೀಗೆ ಹುಟ್ಟಿನಿಂದಲೇ ಸಿಪ್ಪೆ ಇಲ್ಲದ ತಳಿಯದು, ಇಲ್ಲವೇ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ್ದು. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಮೂಲ ದೇಶ ಯಾವುದು ಅಂತ ಓದಿ. ಎಷ್ಟೋ ಸಲ ಚೀನಾ ಅಂತ ಇರುತ್ತದೆ. ಚೀನಿಕಾಯಿ ಅನ್ನೋ ಹೆಸರು ಇಷ್ಟು ತಡವಾಗಿ ನಿಜವಾಗಿದೆ.

ಅಮೆರಿಕದಲ್ಲಿ ಶರತ್ಕಾಲ ಬಂದರೆ ಹ್ಯಾಲೋವೀನ್. ಐರಿಷ್ ವಲಸಿಗರು ತಮ್ಮೂರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು, ಅಲ್ಲಿ ಕೊರೆಯಲು ಸುಲಭವಾದ ಕುಂಬಳ ಹಿಡಿದರು. ಕೊರೆಯಲೆಂದೇ ಬೆಳೆಸುವ ತಳಿಗಳ ತಿರುಳಿಗೆ ರುಚಿ ಇಲ್ಲ. ಹಾಗಾಗಿ ಬುರುಡೆ ದೀಪಕ್ಕೆ, ತಿರುಳು ಕಸಕ್ಕೆ, ಬೀಜ ಮಾತ್ರ ಉಪ್ಪು ಹಾಕಿ ಒಲೆಗೆ. ಗಿಲಾ ನಾಕಿಟ್ಸ್ ಕಾಲದ ಜನ ನೋಡಿದ್ದರೆ ಇದರಲ್ಲಿ ಅವರಿಗೆ ಆಶ್ಚರ್ಯ ಏನೂ ಇರುತ್ತಿರಲಿಲ್ಲ. ಅವರೂ ಹೀಗೇ ಮಾಡುತ್ತಿದ್ದರು.

ಆರೋಗ್ಯದ ಲೆಕ್ಕಕ್ಕೆ ಬಂದರೆ ಪ್ಯಾಕೆಟ್ ಸುಳ್ಳು ಹೇಳುತ್ತಿಲ್ಲ. ಸಿಪ್ಪೆ ಬಿಡಿಸಿದ 100 ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, 560 ಕ್ಯಾಲರಿ. ಮೆಗ್ನೀಸಿಯಂ, ಸತು, ಕಬ್ಬಿಣವೂ ಚೆನ್ನಾಗಿವೆ. ಸಂಜೆ ನಾಲ್ಕರ ಮೀಟಿಂಗ್ ಹೊತ್ತಿಗೆ ಒಂದು ಹಿಡಿ, ಅಂದ್ರೆ 30 ಗ್ರಾಂ ತಿಂದರೆ 9 ಗ್ರಾಂ ಪ್ರೋಟೀನ್ ಸಿಕ್ಕಿತು. ಕ್ಯಾಲರಿಯೂ 170ರ ಹತ್ತಿರ ಸಿಕ್ಕಿತು ಅನ್ನೋದು ಮರೀಬಾರದು.

ನನಗೆ ಚಿಂತೆ ಬೇರೆ. ಹತ್ತು ಸಾವಿರ ವರ್ಷ ತಿನ್ನುವ ಕೈ ಮತ್ತು ಎತ್ತಿಡುವ ಕೈ ಒಂದೇ ಆಗಿತ್ತು. ನಮ್ಮ ತಲೆಮಾರಿನಲ್ಲಿ ಅದು ಬೇರೆಯಾಯಿತು. ತಿನ್ನೋ ಬೀಜ ಒಂದು ಕಂಪನಿಯದು, ಬಿತ್ತೋ ಬೀಜ ಇನ್ನೊಂದು ಕಂಪನಿಯದು, ನಿಜವಾಗಿ ಕೈಯಲ್ಲಿರೋ ಬೀಜ ಕಸಕ್ಕೆ. ಊರಲ್ಲೂ ಗೋಡೆಗಳಿಗೆ ಪೇಂಟ್ ಬಂದಿದೆ, ಹೊಗೆ ಹೋಗಿದೆ, ಬೀಜ ಅಂಟಿಸುವವರು ಇಲ್ಲ. ಪೇಂಟ್ ಬಂದದ್ದಕ್ಕೆ ನನಗೇನೂ ಬೇಸರ ಇಲ್ಲ. ಹೊಗೆಯಲ್ಲಿ ಕಣ್ಣುರಿಸಿಕೊಂಡು ಅಡುಗೆ ಮಾಡಿದವರಿಗೆ ಮಾತ್ರ ಆ ಗೋಡೆಯ ಬೆಲೆ ಗೊತ್ತು. ಆದರೆ ಇಂಥ ಬಳ್ಳಿಯ ಕಾಯಿ ಸಿಹಿ, ಇಂಥದ್ದು ಆರು ತಿಂಗಳು ಕೆಡಲ್ಲ ಅಂತ ಬೀಜದ ಜೊತೆ ಗೊತ್ತಿಟ್ಟುಕೊಂಡಿದ್ದ ವಿವರಗಳಿಗೆ ಬೇರೆ ಎಲ್ಲೂ ಕಾಪಿ ಇರಲಿಲ್ಲ. ಗೋಡೆಯ ಜೊತೆಗೆ ಅವೂ ಹೋದವು.

ಹಾಗಾಗಿ ಮುಂದಿನ ಸಲ ಸಿಹಿಗುಂಬಳ ತಂದಾಗ ಬೀಜ ಬಿಸಾಡಬೇಡಿ. ನೀರಲ್ಲಿ ಹಾಕಿ ಕಿವುಚಿದರೆ ನಾರು ಕೈಗೆ ಬರುತ್ತದೆ, ಬೀಜ ತೇಲುತ್ತದೆ. ಉಪ್ಪುನೀರಲ್ಲಿ 10 ನಿಮಿಷ ಕುದಿಸಿ, ಬಸಿದು, ತಟ್ಟೆಯಲ್ಲಿ ಹರಡಿ ಒಂದು ದಿನ ಒಣಗಲು ಬಿಡಿ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಚಟಪಟ ಅನ್ನುವ ತನಕ 10–15 ನಿಮಿಷ ಕೈಯಾಡಿಸಿ. ಕೊನೆಗೆ ಅರ್ಧ ಚಮಚ ತುಪ್ಪ, ಮೆಣಸಿನ ಪುಡಿ. ಸಿಪ್ಪೆ ಸಮೇತ ಅಗಿಯಬಹುದು, ಗಟ್ಟಿ ಅನ್ನಿಸಿದರೆ ಹಲ್ಲಲ್ಲಿ ಒಡೆದು ಉಗಿಯಬಹುದು. ಕಹಿ ಇದ್ದರೆ ಮಾತ್ರ ತಿನ್ನಬೇಡಿ. ಆ ಕಹಿ ಹೊಟ್ಟೆ ಕೆಡಿಸುತ್ತದೆ.

ಕುದಿಸುವ ಮೊದಲು ಒಂದು ಕೆಲಸ. ಕಾಯಿ ರುಚಿಯಾಗಿತ್ತು ಅಂದ್ರೆ, ಅದರಲ್ಲಿ ತುಂಬಿಕೊಂಡ ದಪ್ಪ ಹತ್ತು ಬೀಜ ಆರಿಸಿ, ನೆರಳಲ್ಲಿ ಒಣಗಿಸಿ, ಕಾಗದದ ಕವರಲ್ಲಿ ಹಾಕಿ, ಎಲ್ಲಿಂದ ತಂದದ್ದು, ಯಾವ ತಿಂಗಳು ಅಂತ ಬರೆದಿಡಿ. ಹೈಬ್ರಿಡ್ ಕಾಯಿಯಾದರೆ ತಾಯಿಯಂಥದ್ದೇ ಮಗು ಬರುತ್ತದೆ ಅನ್ನೋ ಖಾತ್ರಿ ಇಲ್ಲ. ನಾಟಿಯಾದರೆ, ಅಥವಾ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ಕೊಟ್ಟ ಅರ್ಕಾ ಚಂದನ್‌ನಂಥ ತಳಿಯಾದರೆ ಧಾರಾಳವಾಗಿ ಇಡಬಹುದು. ಅಕ್ಕಪಕ್ಕದ ಬೇರೆ ಬಳ್ಳಿಯ ಹೂವಿನಿಂದ ಜೇನು ಹಾರಿ ಬಂದರೆ ಸ್ವಲ್ಪ ಮಿಶ್ರ ಆಗಬಹುದು, ಅಷ್ಟೇ. ಫ್ಲ್ಯಾಟಿನಲ್ಲಿ ಜಾಗ ಇಲ್ಲ ಅನ್ನಬೇಡಿ. ಕುಂಬಳಕ್ಕೆ ಬೇಕಾದ ಜಾಗ ಊರಿನ ತಿಪ್ಪೆಯ ಬದಿಯಲ್ಲಿ ಇನ್ನೂ ಇದೆ, ಮತ್ತು ಮುಂಗಾರು ಶುರುವಾಗುವ ಮೊದಲು ಹೇಗೂ ಒಂದು ಸಲ ಊರಿಗೆ ಹೋಗ್ತೀರಿ. ಉಳಿದ ಬೀಜ ಹುರಿದು ತಿನ್ನಿ.